ಕುರ್ಚಿ ಎಳೆಯುವ ಸದ್ದು

ಮಂಗಳೂರಿನ ಕೊಟ್ಟಾರದ ನಮ್ಮ ಆಫೀಸಿನ ಹಳೆಯ ದಿನಗಳು ನನಗೆ ನೆನಪಾಗುವುದು ಒಂದು ಸದ್ದಿನಿಂದ. ಚಕ್ರದ ಕುರ್ಚಿಯೊಂದು ಕಿರ್ರೆಂದು ಉರುಳಿ ಬಂದು ನನ್ನ ಪಕ್ಕದಲ್ಲಿ ನಿಲ್ಲುವ ಸದ್ದು. ಅದರ ಹಿಂದೆಯೇ ಅಣ್ಣನ ಸ್ವರ: "ಎಂತ ಆಯ್ತು ಮಾರಾಯ? ತೋರಿಸು ನೋಡುವ."

ನಾವೆಲ್ಲ ಅಣ್ಣ ಎಂದೇ ಕರೆಯುತ್ತಿದ್ದ ಆ ಹಿರಿಯರ ಜೊತೆ ನಾನು ಕೆಲಸ ಕಲಿತೆ. ಒಂದು ಸಹಕಾರಿ ಸಂಘದ ಚಿನ್ನದ ಸಾಲದ ಲೆಕ್ಕಕ್ಕೆ ಸಾಫ್ಟ್‌ವೇರ್ ಬರೆಯುತ್ತಿದ್ದೆವು. ಆಟಿಯ ಮಳೆ. ತಿಂಗಳ ಕೊನೆಯ ಬಡ್ಡಿಯ ಮೊತ್ತ ತಾಳೆಯಾಗುತ್ತಿರಲಿಲ್ಲ. ಎಲ್ಲೋ ಕೆಲವು ಪೈಸೆ ಹೆಚ್ಚುಕಮ್ಮಿ. ಮೂರು ದಿನ ಹುಡುಕಿದೆವು. ಅಣ್ಣ ನೇರವಾಗಿ ಉತ್ತರ ಹೇಳುತ್ತಿರಲಿಲ್ಲ. "ಒಂದು ಸಾಲವನ್ನು ಮಾತ್ರ ಹಿಡಿ, ಕೈಯಲ್ಲಿ ಲೆಕ್ಕ ಮಾಡು" ಎನ್ನುತ್ತಿದ್ದರು. ಮೂರನೆಯ ರಾತ್ರಿ ಕಾಗದದ ಮೇಲೆ ಗೀಚುತ್ತಿದ್ದಾಗ ಹೊಳೆಯಿತು. ನಮಗೆ ಸರಳವಾಗಿ ಕಾಣುವ 0.1 ಕಂಪ್ಯೂಟರಿನ ಸೊನ್ನೆ-ಒಂದರ ಲಿಪಿಯಲ್ಲಿ ಮುಗಿಯದ ಸಂಖ್ಯೆ. ಕಂಪ್ಯೂಟರು ಅದನ್ನು ಎಲ್ಲೋ ಒಂದು ಕಡೆ ಕತ್ತರಿಸಿ ಇಟ್ಟುಕೊಳ್ಳುತ್ತದೆ. ಸಾವಿರಾರು ಸಲ ಕೂಡಿಸಿದಾಗ ಆ ಚೂರುಗಳೇ ಸೇರಿ ಪೈಸೆಯಾಗುತ್ತವೆ. ರೂಪಾಯಿ ಬಿಟ್ಟು ಎಲ್ಲವನ್ನೂ ಪೂರ್ಣ ಪೈಸೆಗಳಲ್ಲಿ ಇಟ್ಟೆವು. ಲೆಕ್ಕ ತಾಳೆಯಾಯಿತು. ಅಣ್ಣ ಏನೂ ಹೇಳಲಿಲ್ಲ, ನನ್ನ ಬೆನ್ನ ಮೇಲೊಮ್ಮೆ ಕೈಯಿಟ್ಟರು. ಮಳೆಯಲ್ಲೇ ನಡೆದು ಹೋಗಿ ಚಾ ಕುಡಿದು ಬಿಸಿ ಗೋಳಿಬಜೆ ತಿಂದೆವು. ಆ ರಾತ್ರಿಯಷ್ಟು ದೊಡ್ಡ ಸಂಬಳವನ್ನು ನಾನು ಮತ್ತೆ ಪಡೆದಿಲ್ಲ.

ಅಣ್ಣ ರಜೆಯಲ್ಲಿದ್ದ ದಿನಗಳಲ್ಲಿ ಸ್ಟ್ಯಾಕ್ ಓವರ್‌ಫ್ಲೋ ಇತ್ತು. 2008ರಲ್ಲಿ ಶುರುವಾದ ಆ ಪ್ರಶ್ನೋತ್ತರ ತಾಣದಲ್ಲಿ ನಮ್ಮದೇ ಕಷ್ಟವನ್ನು ಯಾವುದೋ ದೇಶದ ಯಾರೋ ಮೊದಲೇ ಪಟ್ಟಿರುತ್ತಿದ್ದರು. ಅಲ್ಲಿಯೂ ಉತ್ತರದ ಹಿಂದೆ ಒಬ್ಬ ಮನುಷ್ಯ ಇರುತ್ತಿದ್ದ.

2022ರ ನವೆಂಬರಿನಲ್ಲಿ ಚಾಟ್‌ಜಿಪಿಟಿ ಬಂತು. ಅದರ ಬೆನ್ನಿಗೇ ನಮ್ಮ ಪರದೆಗಳಲ್ಲೂ ಎಐ ಬಂದು ಕೂತಿತು. ಅದರಿಂದ ಆದ ಉಪಕಾರವನ್ನು ನಾನು ಮರೆಯಲಾರೆ. ಪರೀಕ್ಷಾ ಕೋಡು, ದಾಖಲೆ ಬರೆಯುವುದು, ಮಾಡಿದ್ದನ್ನೇ ಮಾಡುವ ಕೆಲಸ ಎಲ್ಲವೂ ಹಗುರಾದವು. ಮಗಳು ನಿದ್ದೆಹೋಗುವ ಮೊದಲೇ ಮನೆ ಸೇರುತ್ತೇನೆ.

ಆದರೆ ಕಳೆದ ತಿಂಗಳು ಅಂಥದ್ದೇ ಪೈಸೆಯ ತಪ್ಪು ಇನ್ನೊಂದು ಕಡೆ ಕಾಣಿಸಿತು. ನಮ್ಮಲ್ಲಿ ಹೊಸತಾಗಿ ಸೇರಿದ ಹುಡುಗಿ ಎಐಯನ್ನು ಕೇಳಿದಳು. ಕ್ಷಣಗಳಲ್ಲಿ ಕಾರಣ ಬಂತು, ತಿದ್ದುಪಡಿಯೂ ಬಂತು. ಸರಿಯಾಗಿಯೇ ಇತ್ತು. ಅವಳು ಒಪ್ಪಿಗೆ ಒತ್ತಿ ಮುಂದಿನ ಕೆಲಸಕ್ಕೆ ಹೋದಳು. ಅವಳ ಮುಖದಲ್ಲಿ ದಣಿವಿರಲಿಲ್ಲ, ಗೆದ್ದ ಬೆಳಕೂ ಇರಲಿಲ್ಲ. ನನಗೆ ಎದೆಯಲ್ಲಿ ಏನೋ ಖಾಲಿಯಾದಂತಾಯಿತು.

ಕೆಲಸ ಕಲಿಯುವುದೆಂದರೆ ಏನೆಂದು ನನಗೆ ಮೊದಲು ತೋರಿಸಿದವರು ನನ್ನ ಅಜ್ಜ, ಹೆಂಚಿನ ಕಾರ್ಖಾನೆಯಲ್ಲಿ ದುಡಿದವರು. ಬಾಸೆಲ್ ಮಿಶನ್ 1865ರಲ್ಲಿ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಆರಂಭಿಸಿದ ಮೇಲೆ, ನದಿಬದಿಯ ಜೇಡಿಮಣ್ಣನ್ನು ನಂಬಿ ಈ ಊರಲ್ಲಿ ಎಷ್ಟೋ ಚಿಮಣಿಗಳು ಎದ್ದವು. ಅಜ್ಜ ಹೆಂಚನ್ನು ಬೆರಳ ಗೆಣ್ಣಿನಿಂದ ಬಡಿದು ಕಿವಿಗೊಡುತ್ತಿದ್ದರು. ಚೆನ್ನಾಗಿ ಬೆಂದದ್ದು ಠಣ್ಣೆನ್ನುತ್ತದೆ, ಬಿರುಕು ಬಿಟ್ಟದ್ದು ಮಂಕಾಗಿ ನುಡಿಯುತ್ತದೆ. ಆ ವ್ಯತ್ಯಾಸವನ್ನು ನನಗೆ ಕೇಳಿಸಲು ಅವರು ತುಂಬ ಪ್ರಯತ್ನಪಟ್ಟರು. ನನಗೆ ಎರಡೂ ಒಂದೇ ಕೇಳುತ್ತಿತ್ತು. "ಸಾವಿರ ಹೆಂಚು ಬಡಿ, ಆಮೇಲೆ ಕೇಳ್ತದೆ" ಎಂದಿದ್ದರು.

ಸ್ಟ್ಯಾಕ್ ಓವರ್‌ಫ್ಲೋದ 2025ರ ಸಮೀಕ್ಷೆಯಲ್ಲಿ ಎಐ ಬಳಸುವ ಅಥವಾ ಬಳಸಲು ಹೊರಟ ಡೆವಲಪರುಗಳು ಶೇ. 84, ಅದು ಕೊಡುವ ಉತ್ತರದ ನಿಖರತೆಯನ್ನು ನಂಬದವರು ಶೇ. 46. ಓದಿದಾಗ ಅಜ್ಜನ ಗೆಣ್ಣು ನೆನಪಾಯಿತು. ಎಐ ಕೊಟ್ಟ ಕೋಡನ್ನು ನಾನು ಬಡಿದು ನೋಡಬಲ್ಲೆ. ಮಂಕು ಸದ್ದು ನನಗೆ ಕೇಳುತ್ತದೆ. ಆ ಕಿವಿಯನ್ನು ಕೊಟ್ಟದ್ದು ಅಣ್ಣನ ಪಕ್ಕದಲ್ಲಿ ದಾರಿತಪ್ಪಿದ ಆ ಮೂರು ದಿನಗಳು, ಅಂಥ ನೂರಾರು ದಿನಗಳು. ಈ ಹುಡುಗಿಗೆ ಆ ದಿನಗಳನ್ನು ಯಾರು ಕೊಡುತ್ತಾರೆ?

ಅಣ್ಣ ಕೆಲಸ ಬಿಟ್ಟು ಊರಿಗೆ ಹೋದರು. ಅವರ ಕುರ್ಚಿ ಕಿಟಕಿಯ ಬಳಿ ಈಗಲೂ ಉಂಟು. ಮೊನ್ನೆ ಸಂಜೆ ಮಳೆ ಹಿಡಿದಾಗ, ಆ ಹುಡುಗಿ ಪರದೆಗೆ ಮುಖ ಹತ್ತಿರ ಮಾಡಿ ಕೂತಿದ್ದಳು. ಎದ್ದು ಆ ಕುರ್ಚಿಯ ಬೆನ್ನಿಗೆ ಕೈಯಿಟ್ಟೆ. ಅಷ್ಟರಲ್ಲಿ ಅವಳಿಗೆ ಉತ್ತರ ಬಂದಿತ್ತು. ಚೀಲ ಎತ್ತಿಕೊಂಡು, "ಬರ್ತೇನೆ ಸರ್" ಎಂದು ಕೊಡೆ ಬಿಡಿಸುತ್ತಾ ಇಳಿದು ಹೋದಳು. ಕುರ್ಚಿ ಇದ್ದಲ್ಲೇ ಇತ್ತು. ನಾನು ಅದನ್ನು ಸುಮ್ಮನೆ ಒಮ್ಮೆ ಎಳೆದೆ. ಕಿರ್ರೆಂದಿತು, ಹಾಗೆಯೇ.