ಬಾವುಟಗುಡ್ಡೆಯ ಶಾಲೆ

ಅಣ್ಣ ಓದಿದ ಶಾಲೆಯನ್ನು ನಾನು ಮೊದಲ ಸಲ ನೋಡಿದ್ದು ನನ್ನ ಅರುವತ್ತೆರಡನೆಯ ವಯಸ್ಸಿನಲ್ಲಿ ಅಂದರೆ ನೀವು ನಗಬಹುದು. ಪುತ್ತೂರಿನಿಂದ ಮಂಗಳೂರು ಎಷ್ಟು ಮಹಾ ದೂರ? ಐವತ್ತು ಚಿಲ್ಲರೆ ಕಿಲೋಮೀಟರು. ಸೀರೆ ಅಂಗಡಿಗೆ, ಆಸ್ಪತ್ರೆಗೆ, ಮದುವೆಗೆ ಅಂತ ನೂರು ಸಲ ಹೋಗಿ ಬಂದಿದ್ದೇನೆ. ಆದರೆ ಹಂಪನಕಟ್ಟೆಯಿಂದ ಆ ಗುಡ್ಡೆ ಹತ್ತಿರಲಿಲ್ಲ.

ಅಣ್ಣನಿಗೂ ನನಗೂ ಎರಡೇ ವರ್ಷ ಅಂತರ. ಆ ವರ್ಷ ಅಡಿಕೆಗೆ ಕೊಳೆರೋಗ ಬಂದು ತೋಟದ ಆದಾಯ ಅಷ್ಟಕ್ಕಷ್ಟೆ. ಅಪ್ಪ ಲೆಕ್ಕ ಹಾಕಿದರು, ಒಬ್ಬರನ್ನು ಓದಿಸಬಹುದು ಅಂತ. ಅಣ್ಣ ಮಂಗಳೂರಿನ ದೊಡ್ಡಮ್ಮನ ಮನೆಯಲ್ಲಿದ್ದು ಸಂತ ಅಲೋಶಿಯಸ್ ಹೈಸ್ಕೂಲಿನಲ್ಲಿ ಓದು ಮುಂದುವರಿಸಿದ. ನಾನು ಏಳನೆಯದಕ್ಕೇ ಪುಸ್ತಕ ಮುಚ್ಚಿದೆ. ರಜೆಯಲ್ಲಿ ಬಂದಾಗ ಅವನು ಹೇಳುತ್ತಿದ್ದ ಕತೆಗಳೇ ನನ್ನ ಹೈಸ್ಕೂಲು. ಅಡಿಕೆ ಸುಲಿಯುತ್ತಾ ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದೆ. ಎಲ್ಲವನ್ನೂ ನಂಬಿದ್ದೆ ಕೂಡ!

ಕಳೆದ ಬಾರಿ ಅವನು ಮುಂಬಯಿಯಿಂದ ಬಂದಾಗ, "ಒಮ್ಮೆ ತೋರಿಸು ಮಾರಾಯಾ ನಿನ್ನ ಶಾಲೆ" ಅಂದೆ. ಹೊರಟೆವು.

ಮೊದಲು ಒಂದಿಷ್ಟು ಚರಿತ್ರೆ. ಮಂಗಳೂರಿನ ಕ್ರೈಸ್ತ ಮನೆತನಗಳು ತಮ್ಮ ಮಕ್ಕಳಿಗೆ ಒಳ್ಳೆಯ ವಿದ್ಯೆ ಬೇಕೆಂದು ಪೋಪರವರೆಗೂ ಮೊರೆ ಹೋಗಿದ್ದವು. 1878ರ ಕೊನೆಯ ದಿನ ಇಟಲಿಯಿಂದ ಜೆಸುಯಿಟ್ ಪಾದ್ರಿಗಳು ಬಂದಿಳಿದರು. 1880ರಲ್ಲಿ ಶಾಲೆ ಶುರುವಾಯಿತು. ಗುಡ್ಡೆಯ ಮೇಲಿನ ಜಾಗವನ್ನು ದಾನವಾಗಿ ಕೊಟ್ಟವರು ಲಾರೆನ್ಸ್ ಲೋಬೊ ಪ್ರಭು ಎಂಬ ಊರಿನವರೇ. 1885ರಲ್ಲಿ ಶಾಲೆ ಗುಡ್ಡೆ ಹತ್ತಿತು.

ಈ ಗುಡ್ಡೆಗೆ ಹೆಸರು ಒಂದೆರಡಲ್ಲ. ಮುಸಲ್ಮಾನರ ಈದ್ಗಾ ಇರುವುದರಿಂದ ಈದ್ಗಾ ಗುಡ್ಡೆ, ದೀಪಸ್ತಂಭ ಇರುವುದರಿಂದ ಲೈಟ್‌ಹೌಸ್ ಹಿಲ್. "ಹೈದರಾಲಿ ಕಟ್ಟಿಸಿದ್ದು, ಇಲ್ಲಿ ನಿಂತು ಕಡಲಲ್ಲಿ ಶತ್ರುಗಳ ಹಡಗು ನೋಡ್ತಿದ್ದ" ಅಂತ ಅಣ್ಣ ಹೇಳಿದ್ದ. ಊರಿನಲ್ಲಿ ಈಗಲೂ ಹಾಗೆ ಹೇಳುವವರಿದ್ದಾರೆ. ಆದರೆ ಈಗ ಕಾಣುವ ದೀಪಸ್ತಂಭ ಬ್ರಿಟಿಷರ ಕಾಲದ್ದು. ಇನ್ನು ಬಾವುಟಗುಡ್ಡೆ ಎಂಬ ಹೆಸರಿನ ಹಿಂದಿನ ಕತೆ ಕೇಳಿ. 1837ರ ಏಪ್ರಿಲಿನಲ್ಲಿ ಸುಳ್ಯ, ಪುತ್ತೂರು ಕಡೆಯ ರೈತರು ಕಂಪೆನಿ ಸರ್ಕಾರದ ಮೇಲೆ ದಂಗೆ ಎದ್ದು, ಮಂಗಳೂರಿಗೆ ಬಂದು, ಇದೇ ಗುಡ್ಡೆಯಲ್ಲಿ ತಮ್ಮ ಬಾವುಟ ಹಾರಿಸಿದರು. ಹದಿಮೂರು ದಿನ ಊರು ಅವರ ಕೈಯಲ್ಲಿತ್ತು ಎನ್ನುತ್ತಾರೆ. ನಮ್ಮ ಊರಿನ ಕಡೆಯವರೇ ಅಂದಾಗ ನನಗೆ ಸ್ವಲ್ಪ ಹೆಮ್ಮೆಯೂ ಆಯಿತು ಅನ್ನಿ.

ಶಾಲೆಯಲ್ಲಿ ನೋಡಲೇಬೇಕಾದ್ದು ಅದರ ಚಾಪೆಲ್. ಹೊರಗಿನಿಂದ ಅಂಥ ವಿಶೇಷವೇನೂ ಕಾಣುವುದಿಲ್ಲ. ಬಾಗಿಲು ದಾಟಿದಿರೋ, ನಿಂತಲ್ಲೇ ನಿಲ್ಲುತ್ತೀರಿ. ಗೋಡೆ, ಕಮಾನು, ಚಾವಣಿ, ಒಂದಂಗುಲ ಬಿಡದೆ ಚಿತ್ರ! ಬಿಡಿಸಿದವರು ಅಂತೋನಿಯೊ ಮೊಸ್ಕೇನಿ ಎಂಬ ಜೆಸುಯಿಟ್ ಬ್ರದರ್, ಇಟಲಿಯ ಬೆರ್ಗಾಮೊ ಪಕ್ಕದವರು. 1899ರಿಂದ ಸುಮಾರು ಎರಡು ವರ್ಷ ಅಟ್ಟಳಿಗೆ ಕಟ್ಟಿಕೊಂಡು ದುಡಿದರು. 1905ರಲ್ಲಿ ಕೊಚ್ಚಿಯಲ್ಲಿ ತೀರಿಕೊಂಡರು, ಮರಳಿ ತನ್ನ ಊರು ಕಾಣಲಿಲ್ಲ.

ಗೋಡೆಯ ಚಿತ್ರಗಳ ಗುಟ್ಟು ನಮ್ಮಂಥ ಹೆಂಗಸರಿಗೆ ಬೇಗ ಅರ್ಥವಾಗುತ್ತದೆ. ಸಗಣಿ ಸಾರಿಸಿದ ಅಂಗಳ ಹಸಿಯಿರುವಾಗಲೇ ರಂಗೋಲಿ ಇಟ್ಟರೆ ಹೇಗೆ ಕಚ್ಚಿಕೊಳ್ಳುತ್ತದೆ, ಹಾಗೆ. ಸುಣ್ಣದ ಗಾರೆ ಹಸಿಯಾಗಿರುವಾಗಲೇ ಬಣ್ಣ ಹಚ್ಚಬೇಕು, ಒಣಗಿದಂತೆ ಬಣ್ಣ ಗೋಡೆಯೊಳಗೇ ಸೇರಿಹೋಗುತ್ತದೆ. ಒಂದು ದಿನಕ್ಕೆ ಎಷ್ಟಾಗುತ್ತದೋ ಅಷ್ಟೇ ಗಾರೆ ಮೆತ್ತಬೇಕು. ಕೈ ತಪ್ಪಿದರೆ ಕೆತ್ತಿ ತೆಗೆದು ಮತ್ತೆ ಮೊದಲಿನಿಂದ. ಚಾವಣಿಯದು ಹಾಗಲ್ಲ, ಕ್ಯಾನ್ವಾಸ್ ಬಟ್ಟೆಯ ಮೇಲೆ ಬಿಡಿಸಿದ್ದು. ನಮ್ಮ ಕರಾವಳಿಯ ಮಳೆ, ತೇವ ಇಂಥದ್ದನ್ನು ಸುಮ್ಮನೆ ಬಿಡುವುದುಂಟೇ? 1990ರ ದಶಕದಲ್ಲಿ ಇಂಟಾಕ್ ಸಂಸ್ಥೆಯ ತಜ್ಞರು ಬಂದು ದುರಸ್ತಿ ಮಾಡಿದರು.

"ಅಲ್ಲಿ ಕೆತ್ತನೆಯ ಕೆಲಸ ಉಂಟು, ಮುಟ್ಟಲು ಹೋದರೆ ಬರೇ ಗೋಡೆ" ಅಂತ ಅಣ್ಣ ಹೇಳಿದ್ದು ಮಾತ್ರ ನಿಜ. ಬಣ್ಣದ ನೆರಳು ಬೆಳಕಿನಲ್ಲೇ ಉಬ್ಬು ತಗ್ಗು ಕಾಣುವ ಹಾಗೆ ಮಾಡಿದ್ದಾರೆ. ಮುಟ್ಟಿ ನೋಡಲು ಕೈ ತುರಿಸುತ್ತಿತ್ತು, ಮುಟ್ಟಲಿಲ್ಲ. ನೀವೂ ಮುಟ್ಟಬೇಡಿ.

ಚಾವಣಿಯಲ್ಲಿ ಸಂತ ಅಲೋಶಿಯಸನ ಬದುಕು. ಪರೀಕ್ಷೆಯ ಹಿಂದಿನ ದಿನ ಹುಡುಗರೆಲ್ಲ, ಜಾತಿ ಮತ ಅಂತಿಲ್ಲದೆ, ಇಲ್ಲಿ ಬಂದು ಅವನಿಗೆ ಕೈ ಮುಗಿಯುತ್ತಿದ್ದರಂತೆ. ಆತ ಯುವಕರ ಪಾಲಕ ಸಂತ ತಾನೇ! ("ಗಣಿತಕ್ಕೆ ಮಾತ್ರ ಉಪಯೋಗಕ್ಕೆ ಬರಲಿಲ್ಲ" ಅಂತ ಅಣ್ಣ.) ಜಾರ್ಜ್ ಫರ್ನಾಂಡಿಸ್ ಓದಿದ್ದು ಇಲ್ಲೇ. ಮುಂದೆ 2008ರಲ್ಲಿ ಬೂಕರ್ ಪ್ರಶಸ್ತಿ ಪಡೆದ ಅರವಿಂದ ಅಡಿಗ 1990ರಲ್ಲಿ ಎಸ್ಸೆಸ್ಸೆಲ್ಸಿಯಲ್ಲಿ ರಾಜ್ಯಕ್ಕೇ ಮೊದಲಿಗರಾದದ್ದೂ ಇಲ್ಲಿಂದಲೇ.

ಅಲೋಶಿಯಸ್ ಇಟಲಿಯ ಒಂದು ದೊಡ್ಡ ಮನೆತನದ ಹಿರಿಯ ಮಗ. ಎಲ್ಲ ಆಸ್ತಿ, ಅಧಿಕಾರ ಅವನದ್ದಾಗಬೇಕಿತ್ತು. 1585ರಲ್ಲಿ, ಹದಿನೇಳರ ಹುಡುಗ, ಅದನ್ನೆಲ್ಲ ತಮ್ಮನಿಗೆ ಬರೆದುಕೊಟ್ಟು ಮಠ ಸೇರಿದ. ರೋಮಿನಲ್ಲಿ ಪ್ಲೇಗು ಬಂದಾಗ ರೋಗಿಗಳನ್ನು ಹೊತ್ತು ತಂದು ಆರೈಕೆ ಮಾಡಿ, ತಾನೂ ಕಾಯಿಲೆ ಬಿದ್ದು 1591ರಲ್ಲಿ ತೀರಿಕೊಂಡ. ಬರೇ ಇಪ್ಪತ್ತಮೂರು.

ಇದನ್ನು ಅಣ್ಣ ಮೊದಲು ಯಾವತ್ತೂ ಹೇಳಿರಲಿಲ್ಲ. ತಮ್ಮನಿಗೆ ಕೊಟ್ಟ ಸಂಗತಿ ಬಂದಾಗ ಅವನ ಮಾತು ನಿಂತಿತು. ಬೆಂಚಿನಲ್ಲಿ ಇಬ್ಬರೂ ಕತ್ತೆತ್ತಿ ಕೂತಿದ್ದೆವು. ಸ್ವಲ್ಪ ಹೊತ್ತಾದ ಮೇಲೆ, "ನೀನು ನನಗಿಂತ ಚೆನ್ನಾಗಿ ಓದ್ತಿದ್ದೆ" ಅಂದ. ನಾನು, "ಹೌದು, ಗಣಿತದಲ್ಲಿ ಕೂಡ" ಅಂದೆ. ಅವನು ಕನ್ನಡಕ ತೆಗೆದು ಒರೆಸಿಕೊಂಡ.

ಹೊರಗೆ ಬಂದರೆ ಕಾಲೇಜಿನ ಹುಡುಗಿಯರು ಗುಂಪು ಗುಂಪಾಗಿ ಇಳಿಯುತ್ತಿದ್ದರು. ಹಂಪನಕಟ್ಟೆಯವರೆಗೂ ಅವರ ಹಿಂದೆಯೇ ನಡೆದು ಬಂದೆವು.

ನೀವು ಹೋಗುವುದಾದರೆ ಬೆಳಿಗ್ಗೆಯೇ ಹೋಗಿ, ಪ್ರಾರ್ಥನೆಯ ಹೊತ್ತು ತಪ್ಪಿಸಿ. ಹಂಪನಕಟ್ಟೆಯಿಂದ ನಡೆದೇ ಹೋಗಬಹುದು. ಏರು ಇದೆ, ಮೊಣಕಾಲು ನೋವಿದ್ದವರು ಆಟೋ ಹಿಡಿಯಿರಿ.