ತಿಳಿನೀರಿನ ಏರ್ಪಾಡು

ಕಣ್ಣಿಗೆ ತಿಳಿಯಾಗಿ ಕಾಣುವ ನೀರು ಮೀನಿನ ಪಾಲಿಗೆ ಒಳ್ಳೆಯ ನೀರೇ ಆಗಿರಬೇಕೆಂದಿಲ್ಲ. ತಳದ ಬೆಣಚುಕಲ್ಲುಗಳನ್ನು ಎಣಿಸಬಹುದಾದಷ್ಟು ನಿಚ್ಚಳವಾಗಿರುವ ಕೊಳದಲ್ಲಿಯೂ ಅಮೋನಿಯ ಕಾಣದಂತೆ ಕರಗಿದ್ದು ಮೀನಿನ ಕಿವಿರುಗಳನ್ನು ಸುಡುತ್ತಿರಬಹುದು. ಪಾಚಿಯಿಂದ ಹಸಿರುಗಟ್ಟಿದ ನೀರಿನಲ್ಲಿ ಮೀನುಗಳು ವರ್ಷಗಟ್ಟಲೆ ಲವಲವಿಕೆಯಿಂದ ಬಾಳಿರಬಹುದು. ಬೆಂಗಳೂರು, ಮೈಸೂರುಗಳ ಹಿತ್ತಿಲುಗಳಲ್ಲಿ ನೆಲವನ್ನು ಅಗೆಯದೆ, ಇಟ್ಟಿಗೆಯ ಗೋಡೆ ಕಟ್ಟಿಯೋ ಸಿಮೆಂಟ್ ರಿಂಗುಗಳನ್ನು ಜೋಡಿಸಿಯೋ ನೆಲದ ಮೇಲೆಯೇ ನಿಲ್ಲಿಸುವ ಸಣ್ಣ ಕೊಳಕ್ಕೆ ಸೋಸುವ ವ್ಯವಸ್ಥೆಯನ್ನು ಯೋಜಿಸುವವರು ಮೊದಲು ಮನಗಾಣಬೇಕಾದದ್ದು ಈ ಭೇದವನ್ನು. ಕಸ ಹಿಡಿಯುವುದು ಆ ವ್ಯವಸ್ಥೆಯ ಸಣ್ಣ ಕೆಲಸ. ಅದರ ದೊಡ್ಡ ಕೆಲಸವೆಂದರೆ ಕಾಣದ ಜೀವಿಗಳಿಗೆ ನೆಲೆಯೊದಗಿಸುವುದು, ಮತ್ತು ಈ ಹವ್ಯಾಸದ ಸೊಗಸೆಲ್ಲ ಇರುವುದು ಅಲ್ಲಿಯೇ.

ಲೆಕ್ಕ ಆರಂಭವಾಗಬೇಕಾದದ್ದು ಮೀನಿಗೆ ಹಾಕುವ ತಿನಿಸಿನಿಂದ. ಆರಡಿ ಉದ್ದ, ನಾಲ್ಕಡಿ ಅಗಲ, ಎರಡಡಿ ಆಳದ ನೀರಿರುವ ಕೊಳದಲ್ಲಿ ಸುಮಾರು 1,350 ಲೀಟರ್ ನೀರು ನಿಲ್ಲುತ್ತದೆ. ಅದರಲ್ಲಿರುವ ಗೋಲ್ಡ್‌ಫಿಶ್‌ಗಳಿಗೆ ದಿನಕ್ಕೆ 10 ಗ್ರಾಂ ತಿನಿಸು ಹಾಕಿದರೆ, ಅದರಲ್ಲಿ ಶೇಕಡ 35ರಷ್ಟು ಪ್ರೋಟೀನ್ ಇದ್ದರೆ, ಪ್ರೋಟೀನಿನ ತೂಕದಲ್ಲಿ ಸುಮಾರು ಶೇಕಡ 16 ಭಾಗ ಸಾರಜನಕವಾದ್ದರಿಂದ, ಅರ್ಧ ಗ್ರಾಮಿಗಿಂತ ತುಸು ಹೆಚ್ಚು ಸಾರಜನಕ ದಿನವೂ ಕೊಳ ಸೇರಿದಂತಾಗುತ್ತದೆ. ಇದರಲ್ಲಿ ಅರ್ಧದಷ್ಟೇ ಕಿವಿರುಗಳ ಮೂಲಕ ಅಮೋನಿಯವಾಗಿ ಹೊರಬಂದರೂ ಪ್ರತಿ ಲೀಟರಿಗೆ ದಿನಕ್ಕೆ 0.2 ಮಿಲಿಗ್ರಾಂ ಸೇರುತ್ತ, ಐದು ದಿನಗಳಲ್ಲಿ ಅದು ಒಂದು ಮಿಲಿಗ್ರಾಮಿಗೆ ಏರುತ್ತದೆ. ಈ ಅಮೋನಿಯದಲ್ಲಿ ನಿಜವಾಗಿ ವಿಷಕಾರಿಯಾದ ಪಾಲು ಎಷ್ಟೆಂಬುದು ನೀರಿನ ಕ್ಷಾರಗುಣವನ್ನು ಅವಲಂಬಿಸಿದೆ: 25 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಪಿಎಚ್ 7 ಇದ್ದಾಗ ನೂರರಲ್ಲಿ ಒಂದು ಪಾಲಿಗೂ ಕಡಿಮೆಯಿರುವ ಅದು ಪಿಎಚ್ 8ರಲ್ಲಿ ಐದು ಪಾಲಾಗುತ್ತದೆ, 9ರಲ್ಲಿ ಮೂರನೆಯ ಒಂದು ಭಾಗವನ್ನೂ ಮೀರುತ್ತದೆ. ಹೊಸ ಸಿಮೆಂಟ್ ತೊಟ್ಟಿ ನೀರಿಗೆ ಸುಣ್ಣದ ಅಂಶವನ್ನು ಬಿಟ್ಟು ಪಿಎಚ್ ಏರಿಸುವುದರಿಂದ, ಅದನ್ನು ಹಲವು ಬಾರಿ ನೀರು ತುಂಬಿ, ನೆನೆಸಿ, ಚೆಲ್ಲಿ ಹದಗೊಳಿಸಿದ ಮೇಲಷ್ಟೇ ಮೀನು ಬಿಡಬೇಕೆಂಬ ರೂಢಿಗೆ ಕಾರಣವೂ ಇದೇ.

ಅಮೋನಿಯವನ್ನು ಇಲ್ಲವಾಗಿಸುವವರು ಯಾರೆಂಬ ಪ್ರಶ್ನೆಗೆ ಉತ್ತರ ದೊರೆತ ಬಗೆಯೇ ಒಂದು ಸೋಸುಗೊಳವೆಯ ಕಥೆ. 1877ರಲ್ಲಿ ಫ್ರಾನ್ಸಿನ ಶ್ಲೋಸಿಂಗ್ ಮತ್ತು ಮ್ಯುಂಟ್ಸ್ ಎಂಬ ಇಬ್ಬರು ವಿಜ್ಞಾನಿಗಳು ಮರಳನ್ನೂ ಸುಣ್ಣಕಲ್ಲಿನ ಪುಡಿಯನ್ನೂ ತುಂಬಿದ ಉದ್ದನೆಯ ಗಾಜಿನ ಕೊಳವೆಯ ಮೂಲಕ ಚರಂಡಿಯ ನೀರನ್ನು ನಿಧಾನವಾಗಿ ಇಳಿಬಿಟ್ಟರು. ಮೊದಲ ಸುಮಾರು ಇಪ್ಪತ್ತು ದಿನ ನೀರಿನಲ್ಲಿ ಏನೂ ಬದಲಾಗಲಿಲ್ಲ. ಬಳಿಕ ಅಮೋನಿಯ ಕುಗ್ಗುತ್ತ, ಗಿಡಗಳಿಗೆ ಆಹಾರವಾಗುವ ನೈಟ್ರೇಟ್ ಕಾಣಿಸಿಕೊಳ್ಳತೊಡಗಿತು. ಕೊಳವೆಗೆ ಕ್ಲೋರೋಫಾರ್ಮ್ ಆವಿಯನ್ನು ಹಾಯಿಸಿದಾಗ ಈ ಕ್ರಿಯೆ ನಿಂತುಹೋಯಿತು, ತೋಟದ ಮಣ್ಣನ್ನು ಕಲಸಿದ ನೀರನ್ನು ಸುರಿದಾಗ ಮತ್ತೆ ಚಿಗುರಿತು. ಹೀಗಾಗಿ ಇದು ಬರಿಯ ರಾಸಾಯನಿಕ ಕ್ರಿಯೆಯಲ್ಲ, ಜೀವಿಗಳ ಕೆಲಸವೆಂದು ಸಿದ್ಧವಾಯಿತು. 1890ರ ಸುಮಾರಿಗೆ ಸೆರ್ಗೇಯ್ ವಿನೋಗ್ರಾದ್‌ಸ್ಕಿ ಆ ಬ್ಯಾಕ್ಟೀರಿಯಗಳನ್ನು ಬೇರ್ಪಡಿಸಿ ತೋರಿಸಿದರು: ಒಂದು ಬಗೆಯವು ಅಮೋನಿಯವನ್ನು ನೈಟ್ರೈಟ್ ಆಗಿಸುತ್ತವೆ, ಇನ್ನೊಂದು ಬಗೆಯವು ನೈಟ್ರೈಟನ್ನು ನೈಟ್ರೇಟ್ ಆಗಿಸುತ್ತವೆ. ಹಿತ್ತಿಲಿನ ಡ್ರಮ್ಮಿನಲ್ಲಿ ಜಲ್ಲಿ ತುಂಬಿ ಕಾಯುವವರೆಲ್ಲರೂ ಆ ಗಾಜಿನ ಕೊಳವೆಯ ಪ್ರಯೋಗವನ್ನೇ ಮರಳಿ ನಡೆಸುತ್ತಿರುತ್ತಾರೆ ಎಂಬುದು ಈ ಕೆಲಸಕ್ಕೊಂದು ಘನತೆಯನ್ನು ತರುತ್ತದೆ.

ನೆಲದ ಮೇಲಿನ ಕೊಳಕ್ಕೆ ಇರುವ ದೊಡ್ಡ ಅನುಕೂಲವೆಂದರೆ ಗೋಡೆಯ ಬುಡದಲ್ಲಿಯೇ ತೂಬು ಇಡಬಹುದಾದದ್ದು. ಎರಡು ಇಂಚಿನ ಪೈಪೊಂದನ್ನು ತಳದಿಂದ ಹೊರತೆಗೆದು ಪಕ್ಕದ ನೀಲಿ ಡ್ರಮ್ಮುಗಳ ಸಾಲಿಗೆ ಜೋಡಿಸಿದರೆ, ಕೊಳದಲ್ಲಿ ನೀರು ಯಾವ ಮಟ್ಟದಲ್ಲಿದೆಯೋ ಡ್ರಮ್ಮುಗಳಲ್ಲಿಯೂ ಅದೇ ಮಟ್ಟಕ್ಕೆ ನಿಲ್ಲುತ್ತದೆ. ಪಂಪು ಕೂರಬೇಕಾದದ್ದು ಸಾಲಿನ ಕೊನೆಯ ಡ್ರಮ್ಮಿನಲ್ಲಿ. ಅದು ನೀರನ್ನು ಎತ್ತಿ ಕೊಳಕ್ಕೆ ಮರಳಿಸಿದಾಗ ಡ್ರಮ್ಮಿನ ಮಟ್ಟ ಬೆರಳಗಲ ಇಳಿಯುತ್ತದೆ, ಆ ಇಳಿತವನ್ನು ತುಂಬಲು ಕೊಳದ ನೀರು ತಾನಾಗಿ ಹರಿದುಬರುತ್ತದೆ. ಪಂಪನ್ನು ಕೊಳದೊಳಗೇ ಇಳಿಸುವ ಸುಲಭ ಮಾರ್ಗವೂ ಉಂಟು. ಆದರೆ ಹಾಗೆ ಮಾಡಿದಾಗ ಮೀನಿನ ಹಿಕ್ಕೆ ಪಂಪಿನ ರೆಕ್ಕೆಗೆ ಸಿಕ್ಕಿ ನುಣ್ಣಗಾಗಿ ನೀರಿನಲ್ಲಿ ಕಲಸಿಹೋಗುತ್ತದೆ, ಹೊರಗಿನ ಪೈಪು ಕಳಚಿದರೆ ಕೊಳವೇ ಬರಿದಾಗುತ್ತದೆ. ಪಂಪು ನಿಂತೊಡನೆ ಎಲ್ಲ ಮಟ್ಟಗಳೂ ಸಮವಾಗಿ ಸುಮ್ಮನಾಗುವ ಮೊದಲ ಏರ್ಪಾಡೇ ಮೇಲೆಂಬುದರಲ್ಲಿ ಅನುಮಾನವಿಲ್ಲ.

ಕೊಳದ ಪೂರ್ತಿ ನೀರು ಗಂಟೆಗೊಮ್ಮೆ ಸೋಸಿ ಬರಬೇಕೆಂಬುದು ಸಾಮಾನ್ಯ ನಿಯಮ. ಆ ವೇಗದಲ್ಲಿ ಎರಡು ಇಂಚಿನ ಪೈಪಿನೊಳಗೆ ಕಸ ತೇಲುತ್ತಲೇ ಸಾಗುತ್ತದೆ. ದೊಡ್ಡದು ಒಳ್ಳೆಯದೆಂದು ನಾಲ್ಕು ಇಂಚಿನ ಪೈಪು ಹಾಕಿದರೆ ಹರಿವು ಮಂದವಾಗಿ ಹೂಳು ಪೈಪಿನಲ್ಲಿಯೇ ಕೂರುತ್ತದೆ. ಮೊದಲ ಡ್ರಮ್ಮು 200 ಲೀಟರಿನದಾದರೂ ಎರಡಡಿ ಮಟ್ಟದವರೆಗೆ ಅದರಲ್ಲಿ ನಿಲ್ಲುವುದು ಸುಮಾರು 130 ಲೀಟರ್ ಮಾತ್ರ, ಎಂದರೆ ನೀರು ಅಲ್ಲಿ ತಂಗುವುದು ಐದಾರು ನಿಮಿಷ. ಗಸಿ ತಳಕ್ಕಿಳಿಯಲು ಬೇಕಾದದ್ದು ಆ ಶಾಂತವಾದ ಐದಾರು ನಿಮಿಷವೇ ಆದ್ದರಿಂದ ಅಲ್ಲಿ ಬೇರೇನನ್ನೂ ತುಂಬಬಾರದು. ತಳದ ನಲ್ಲಿಯನ್ನು ವಾರಕ್ಕೊಮ್ಮೆ ತೆರೆದು ಆ ಗಸಿನೀರನ್ನು ಬಸಳೆಯ ಪಾತಿಗೋ ಬಾಳೆಯ ಬುಡಕ್ಕೋ ಬಿಟ್ಟರೆ ಅದು ಒಳ್ಳೆಯ ಗೊಬ್ಬರ.

ಎರಡನೆಯ ಡ್ರಮ್ಮು ಬ್ಯಾಕ್ಟೀರಿಯಗಳ ನೆಲೆ. ಅವು ತೇಲಾಡುವುದಕ್ಕಿಂತ ಹೆಚ್ಚಾಗಿ ಯಾವುದಾದರೂ ಮೈಗೆ ಅಂಟಿ, ತೆಳ್ಳನೆಯ ಲೋಳೆಯ ಪದರವಾಗಿ ಬೆಳೆಯುವುದರಿಂದ ಇಲ್ಲಿ ಬೆಲೆಯಿರುವುದು ತೂಕಕ್ಕಲ್ಲ, ಹೊರಮೈಯ ವಿಸ್ತಾರಕ್ಕೆ. ಒರಟಾದ ಇಟ್ಟಿಗೆಚೂರು, ರಂಧ್ರಮಯವಾದ ಲಾವಾ ಕಲ್ಲು, ದಪ್ಪ ರಂಧ್ರದ ಸ್ಪಂಜು, ಇವೆಲ್ಲವೂ ಆಗುತ್ತವೆ. ಸ್ಪಂಜನ್ನು ನಲ್ಲಿಯ ನೀರಿನಲ್ಲಿ ತೊಳೆದರೆ ಅದರಲ್ಲಿರುವ ಕ್ಲೋರಿನ್ ಬ್ಯಾಕ್ಟೀರಿಯಗಳನ್ನು ಕೊಲ್ಲುತ್ತದೆ, ಕೊಳದ ನೀರಿನಲ್ಲಿಯೇ ಹಿಂಡಿ ತೆಗೆಯಬೇಕು. ಒಂದು ಗ್ರಾಂ ಅಮೋನಿಯ ಸಾರಜನಕವನ್ನು ನೈಟ್ರೇಟ್ ಆಗಿಸಲು ಸುಮಾರು 4.6 ಗ್ರಾಂ ಆಮ್ಲಜನಕ ಬೇಕಾಗುವುದರಿಂದ, ಕರೆಂಟು ಹೋಗಿ ನೀರು ನಿಂತ ಕೆಲವೇ ಗಂಟೆಗಳಲ್ಲಿ ಈ ಡ್ರಮ್ಮು ಉಸಿರುಕಟ್ಟತೊಡಗುತ್ತದೆ. ಪಂಪಿಗಲ್ಲದಿದ್ದರೂ ಗಾಳಿಗುಳ್ಳೆ ಬಿಡುವ ಸಣ್ಣ ಯಂತ್ರಕ್ಕಾದರೂ ಬ್ಯಾಟರಿಯ ಆಸರೆ ಇರಲೇಬೇಕು. ಪಂಪಿನ ಖರ್ಚಿಗೆ ಅಂಜಬೇಕಿಲ್ಲ: 30 ವ್ಯಾಟಿನ ಪಂಪು ಹಗಲಿರುಳು ನಡೆದರೂ ತಿಂಗಳಿಗೆ 22 ಯೂನಿಟ್ ದಾಟುವುದಿಲ್ಲ.

ಉಳಿದ ನೈಟ್ರೇಟ್ ಪಾಚಿಯ ಆಹಾರವೂ ಹೌದು. ಅದನ್ನು ಪಾಚಿಗಿಂತ ಮೊದಲೇ ಕಸಿದುಕೊಳ್ಳಲು ಮರಳುವ ದಾರಿಯಲ್ಲಿ ಜಲ್ಲಿ ತುಂಬಿದ ತೊಟ್ಟಿಯಿಟ್ಟು ಬಜೆ, ಕಾಬಾಳೆಗಳನ್ನು ನೆಡಬಹುದು. ಕೊಳದ ಅರ್ಧ ಮೈಗೆ ನೈದಿಲೆಯ ಎಲೆಗಳ ನೆರಳಿದ್ದರೆ ಬಿಸಿಲಿಗೆ ಬೇಗ ಕಾಯುವ ನೆಲಮೇಲಿನ ಕೊಳದ ನೀರಿನ ತಾಪವೂ ತಗ್ಗುತ್ತದೆ. ಮುಂಗಾರಿನ ಜಡಿಮಳೆಗೆ ಮೀನು ತುಳುಕಿಹೋಗದಂತೆ, ಕೆರೆಗೆ ಕೋಡಿಯಿರುವಂತೆ ಇದಕ್ಕೂ ಜಾಲರಿ ಹೊದಿಸಿದ ಒಂದು ಕೋಡಿ ಬೇಕು.

ಎಲ್ಲವೂ ಸಿದ್ಧವಾದ ಮೇಲೆ ಮೊದಲು ಬಿಡಬೇಕಾದದ್ದು ಎರಡೋ ಮೂರೋ ಮೀನು. ಪರೀಕ್ಷಾ ಕಿಟ್ಟಿನಲ್ಲಿ ಮೊದಲು ಅಮೋನಿಯ ಏರಿ ಇಳಿಯುತ್ತದೆ, ಅದರ ಬೆನ್ನಿಗೆ ನೈಟ್ರೈಟ್ ಏರುತ್ತದೆ; ನಾಲ್ಕಾರು ವಾರ ಹಿಡಿಯುವ ಈ ಅವಧಿಯನ್ನು ಹಳೆಯ ಕೊಳವೊಂದರ ಸ್ಪಂಜನ್ನು ತಂದಿಟ್ಟು ಕಿರಿದುಗೊಳಿಸಬಹುದು. ನೈಟ್ರೈಟ್ ಮೀನಿನ ರಕ್ತದ ಆಮ್ಲಜನಕ ಒಯ್ಯುವ ಶಕ್ತಿಯನ್ನು ಕುಗ್ಗಿಸುವಂಥದ್ದು. ಉಪ್ಪಿನಲ್ಲಿರುವ ಕ್ಲೋರೈಡ್ ಕಿವಿರಿನ ಬಳಿ ಅದನ್ನು ತಡೆಯುವುದರಿಂದ, ಆ ದಿನಗಳಲ್ಲಿ ಲೀಟರಿಗೆ ಒಂದು ಗ್ರಾಮಿನಂತೆ ಹರಳುಪ್ಪನ್ನು ಕರಗಿಸಿ ಹಾಕಬೇಕು, ತಿನಿಸನ್ನು ಅರ್ಧಕ್ಕಿಳಿಸಬೇಕು. ಅಮೋನಿಯ, ನೈಟ್ರೈಟ್ ಎರಡೂ ಸೊನ್ನೆಗಿಳಿದು ಒಂದು ವಾರ ಹಾಗೆಯೇ ನಿಂತ ಬಳಿಕವಷ್ಟೇ ಉಳಿದ ಮೀನುಗಳ ಸರದಿ.