ಎಚ್‌ಟಿ, ಎಲ್‌ಟಿ ಮತ್ತು ಟಿನ್ ಫ್ಯಾಕ್ಟರಿ

1983ರಲ್ಲಿ ಎಸ್ಕಾರ್ಟ್ಸ್ ಕಂಪನಿ ರಾಜ್‌ದೂತ್ 350 ಬೈಕನ್ನು ಮಾರುಕಟ್ಟೆಗೆ ಬಿಟ್ಟಾಗ ಬೆಂಗಳೂರು ದಂಡಿನ ಹುಡುಗರಿಗೆ ಹುಚ್ಚು ಹಿಡಿಯಿತು. ಆ ಹುಚ್ಚನ್ನು ಇಳಿಸಿದ್ದು ಪೆಟ್ರೋಲ್ ಬಂಕು. ಯಮಹಾ ಆರ್‌ಡಿ 350ರ ದೇಶೀ ಅವತಾರ ಆ ಬೈಕು: 347 ಸಿಸಿ, ಎರಡು ಸಿಲಿಂಡರ್, ಎರಡು ಕಾರ್ಬುರೇಟರ್, ಆರು ಗೇರ್, 30.5 ಅಶ್ವಶಕ್ತಿ. ಆಗಿನ 350 ಸಿಸಿ ಬುಲೆಟ್ಟಿನದ್ದು 18. ಲೀಟರಿಗೆ ಇಪ್ಪತ್ತು ಕಿಲೋಮೀಟರ್ ಬಂದರೆ ಸರಿ, ಸಾಧು ಮನುಷ್ಯನ ಹಾಗೆ ಓಡಿಸಿದರೆ ಇಪ್ಪತ್ತೈದು. ಪೆಟ್ರೋಲ್ ಏಳೆಂಟು ರೂಪಾಯಿ ಇತ್ತು ಅಂದರೆ ಈಗಿನವರು ನಗುತ್ತಾರೆ. ಸಾವಿರ ರೂಪಾಯಿ ಸಂಬಳ ತರುವ ಮನೆಯಲ್ಲಿ ಯಾರೂ ನಗುತ್ತಿರಲಿಲ್ಲ.

ಎರಡೇ ವರ್ಷಕ್ಕೆ ಹೀರೋ ಹೋಂಡಾ ಸಿಡಿ 100 ಬಂತು. ಪೆಟ್ರೋಲ್ ತುಂಬಿಸಿ ಮರೆತುಬಿಡಿ ಅನ್ನುವುದೇ ಅದರ ಜಾಹೀರಾತು. ಲೀಟರಿಗೆ 80 ಅಂತ ಹೇಳಿಕೊಳ್ಳುತ್ತಿದ್ದರು. ಹಲಸೂರಿನ ನಮ್ಮ ಬೀದಿಯಲ್ಲಿ ಬ್ಯಾಂಕಿನವರು, ಎಚ್‌ಎಎಲ್‌ನವರು, ಐಟಿಐನವರು ಒಬ್ಬೊಬ್ಬರಾಗಿ ಅದನ್ನೇ ತಂದರು. ಅದೇ ವರ್ಷ ಬಂದ ಯಮಹಾ ಆರ್‌ಎಕ್ಸ್ 100 ಮಾತ್ರ ನಡುವಿನ ದಾರಿ ಹಿಡಿಯಿತು: ನೂರೇ ಸಿಸಿ, ಹನ್ನೊಂದು ಅಶ್ವಶಕ್ತಿ, ಹಗುರ ಮೈ. ಆರ್‌ಡಿ ಕೊಳ್ಳಲು ಅಪ್ಪ ಒಪ್ಪದ ಹುಡುಗರೆಲ್ಲ ಅದರ ಮೇಲೆ ಕೂತರು.

ಎಸ್ಕಾರ್ಟ್ಸ್‌ನವರಿಗೂ ಬಿಸಿ ತಟ್ಟಿರಬೇಕು. ಆರ್‌ಡಿಯ ಉಸಿರನ್ನು ಸ್ವಲ್ಪ ಬಿಗಿಹಿಡಿದು, 27 ಅಶ್ವಶಕ್ತಿಗೆ ಇಳಿಸಿ, ಮೈಲೇಜ್ ಚೂರು ಜಾಸ್ತಿ ಕೊಡುವ ಇನ್ನೊಂದು ಮಾದರಿ ತಂದರು. ಮೊದಲಿನದಕ್ಕೆ ಎಚ್‌ಟಿ, ಇದಕ್ಕೆ ಎಲ್‌ಟಿ ಅಂತ ಹೆಸರು ಬಿತ್ತು. ವೇಗ ಬೇಕೋ ಮೈಲೇಜ್ ಬೇಕೋ ಎಂಬ ಪ್ರಶ್ನೆಯನ್ನು ಕಂಪನಿಯೇ ಎರಡು ಗಾಡಿ ಮಾಡಿ ಅಂಗಡಿಯಲ್ಲಿ ನಿಲ್ಲಿಸಿತ್ತು. ತಮಾಷೆಯೆಂದರೆ ಮೈಲೇಜ್ ಬೇಕಾದವನು ಎಲ್‌ಟಿಯನ್ನೂ ಕೊಳ್ಳಲಿಲ್ಲ, ವೇಗ ಬೇಕಾದವನು ಎಲ್‌ಟಿ ಕೊಂಡು ಅದನ್ನು ಎಚ್‌ಟಿ ಮಾಡಿಸಲು ಶಿವಾಜಿನಗರಕ್ಕೆ ಓಡಿದ.

ರಸೆಲ್ ಮಾರ್ಕೆಟ್ಟಿನ ಹಿಂದೆ ಗುಜರಿ ಅಂಗಡಿಗಳ ನಡುವೆ ಒಂದು ಗ್ಯಾರೇಜಿತ್ತು. ಬೋರ್ಡಿಲ್ಲ. ಅಲ್ಲಿನ ಭಾಯ್ ಮೊದಲು ಪ್ಲಗ್ ಬಿಚ್ಚಿ ಅದರ ತುದಿಯ ಬಣ್ಣ ನೋಡುತ್ತಿದ್ದರು. ಬಿಸ್ಕತ್ತಿನ ಕಂದು ಇದ್ದರೆ ಸರಿ. ಕರಿ ಮಸಿಯಾದರೆ ಪೆಟ್ರೋಲ್ ಹೆಚ್ಚು ಕುಡಿಯುತ್ತಿದೆ. ಬಿಳಿಚಿಕೊಂಡಿದ್ದರೆ ತಲೆ ಎತ್ತಿ ಗಾಡಿಯವನ ಮುಖ ನೋಡುವರು, “ಯಾರು ಸಾರ್ ಜೆಟ್ ಚೇಂಜ್ ಮಾಡಿದ್ದು?” ಮೈಲೇಜ್ ಆಸೆಗೆ ಕಾರ್ಬುರೇಟರಿನ ಜೆಟ್ ಸಣ್ಣದು ಹಾಕಿಸಿಕೊಂಡವರು ಬಹಳ ಜನ. ಕಡಲೆಕಾಯಿ ಬೀಜದಷ್ಟು ಹಿತ್ತಾಳೆ ತುಂಡು ಅದು. ಭಾಯ್ ಅದನ್ನು ಬೆಳಕಿಗೆ ಹಿಡಿದು ಒಂದು ಕಣ್ಣು ಮುಚ್ಚಿ ನೋಡಿದರೆ ನಡುವೆ ಕೂದಲೆಳೆಯ ತೂತು ಕಾಣುತ್ತಿತ್ತು. ಅದು ಕಿರಿದಾದರೆ ಸಿಲಿಂಡರಿಗೆ ಹೋಗುವ ಪೆಟ್ರೋಲ್ ಕಮ್ಮಿ. ಆದರೆ ಟೂ-ಸ್ಟ್ರೋಕ್ ಎಂಜಿನ್ನಿಗೆ ಪೆಟ್ರೋಲ್ ಬರೀ ಊಟವಲ್ಲ, ಒಳಗನ್ನು ತಂಪಿಡುವುದೂ ಅದೇ. ಹೊಸಕೋಟೆ ದಾಟಿ ಐದಾರು ಮೈಲಿ ಆಕ್ಸಿಲರೇಟರ್ ಪೂರ್ತಿ ತಿರುವಿ ಓಡಿಸಿದರೆ ಪಿಸ್ಟನ್ ಉಬ್ಬಿ ಸಿಲಿಂಡರಿಗೆ ಕಚ್ಚಿಕೊಳ್ಳುತ್ತಿತ್ತು. ಉಳಿಸಿದ ಪೆಟ್ರೋಲಿನ ದುಡ್ಡು ರೀಬೋರಿಂಗಿಗೂ ಸಾಲುತ್ತಿರಲಿಲ್ಲ.

“ಮೈಲೇಜ್ ಬೇಕಾದ್ರೆ ಸಿಡಿ ಹಂಡ್ರೆಡ್ ತಗೊಳ್ಳಿ ಸಾರ್, ಇದರ ಪ್ರಾಣ ಯಾಕ್ ತೆಗೀತೀರಿ” ಎನ್ನುವುದು ಭಾಯ್ ಮಾತು.

ಅವರ ಮಾತಿನಲ್ಲಿ ವಿಜ್ಞಾನವೂ ಇತ್ತು. ಟೂ-ಸ್ಟ್ರೋಕಿನಲ್ಲಿ ಹೊಸ ಗಾಳಿ-ಪೆಟ್ರೋಲ್ ಒಳಗೆ ನುಗ್ಗಿ ಸುಟ್ಟ ಹೊಗೆಯನ್ನು ಆಚೆ ತಳ್ಳುವ ಹೊತ್ತಿಗೆ ಎರಡೂ ಬಾಗಿಲು ತೆರೆದಿರುತ್ತವೆ. ತಳ್ಳಲು ಬಂದದ್ದರಲ್ಲೇ ಒಂದು ಪಾಲು ಸುಡದೆ ಸೈಲೆನ್ಸರಿನ ದಾರಿ ಹಿಡಿಯುತ್ತದೆ. ಆ ಸೋರಿಕೆಯನ್ನು ಯಾವ ಜೆಟ್ಟೂ ನಿಲ್ಲಿಸದು. ಆರ್‌ಡಿಯ ಹಿಂದೆ ಹೋದವನ ಅಂಗಿಗೆ ಹತ್ತುತ್ತಿದ್ದ ವಾಸನೆಯನ್ನು ಈಗ ಕೆಲವರು ಅತ್ತರಿನಂತೆ ನೆನೆಯುತ್ತಾರೆ. ನನಗೆ ನೆನಪಿರುವುದು ಕೆಮ್ಮು. ಇನ್ನೊಂದು ಮಾತು: ಜಪಾನಿನಲ್ಲಿ ಡಿಸ್ಕ್ ಬ್ರೇಕ್ ಇದ್ದ ಗಾಡಿಗೆ ಇಲ್ಲಿ ಮುಂದೆಯೂ ಡ್ರಮ್ ಹಾಕಿ ಕೊಟ್ಟಿದ್ದರು. ಮೂವತ್ತು ಕುದುರೆಗೆ ಸೈಕಲ್ಲಿನ ಲಗಾಮು. ಹಳೆಯದೆಲ್ಲ ಚೆನ್ನಾಗಿತ್ತು ಅನ್ನುವವರು ಈ ಭಾಗವನ್ನು ಹೇಳುವುದಿಲ್ಲ.

ಕಾರಿನ ಮಾತಿಗೆ ಬಂದರೆ, ನಮ್ಮೂರಿನದೇ ಒಂದಿತ್ತು. ಬೆಂಗಳೂರಿನ ಸಿಪಾನಿಯವರು 1982ರಲ್ಲಿ ತಂದ ಡಾಲ್ಫಿನ್. ಬ್ರಿಟನ್ನಿನ ರಿಲಯಂಟ್ ಕಿಟನ್ ಕಾರಿನ ನಕ್ಷೆ, 848 ಸಿಸಿ, ಎರಡು ಬಾಗಿಲು, ಫೈಬರ್ ಮೈ. ನೋಡಲು ಬೆಂಕಿಪೊಟ್ಟಣ. ಮನೆಮಂದಿ ಕೊಳ್ಳಲಿಲ್ಲ; 1983ರ ಡಿಸೆಂಬರಿನಲ್ಲಿ ಬಂದ ಮಾರುತಿ 800 ಅದರ ಕತೆ ಮುಗಿಸಿತು. ಆದರೆ ರೇಸಿನವರು ಬಿಡಲಿಲ್ಲ. ಮದ್ರಾಸಿನ ಆಚೆ ಶೋಲಾವರಂನಲ್ಲಿ, ಯುದ್ಧಕಾಲದ ಹಳೆ ವಿಮಾನಪಟ್ಟಿಯ ಮೇಲೆ ರೇಸ್ ನಡೆಯುವ ದಿನಗಳಲ್ಲಿ ಇಲ್ಲಿಂದ ಗಾಡಿಗಳು ಹಲಸೂರು, ಕೆ.ಆರ್. ಪುರ, ಕೋಲಾರ ಅಂತ ಹಳೆ ಮದ್ರಾಸ್ ರಸ್ತೆ ಹಿಡಿಯುತ್ತಿದ್ದವು. ಅಲ್ಲಿ, ರ್‍ಯಾಲಿಗಳಲ್ಲಿ, ಡಾಲ್ಫಿನ್ ಭಾರದ ಫಿಯೆಟ್‌ಗಳ ಜೊತೆ ಪೈಪೋಟಿಗೆ ಬಿತ್ತು. ಗುಟ್ಟು ತೂಕದ್ದು. ವೇಗ, ಮೈಲೇಜ್ ಎರಡನ್ನೂ ಒಟ್ಟಿಗೆ ಹೆಚ್ಚಿಸುವ ಕೆಲವೇ ಮದ್ದುಗಳಲ್ಲಿ ತೂಕ ಇಳಿಸುವುದೂ ಒಂದು; ಮಿಕ್ಕಿದ್ದು ಬಹುಪಾಲು ಒಂದು ಕೈಯಿಂದ ಕಿತ್ತು ಇನ್ನೊಂದಕ್ಕೆ ಕೊಡುವ ವ್ಯವಹಾರ. ಇವತ್ತು ಯಾರಾದರೂ ಅಂಥ ಕಾರು ಮಾಡಿದರೆ ನಾನು ಮಾತ್ರ ಹತ್ತುವುದಿಲ್ಲ. ಲಾರಿ ಒರೆಸಿದರೆ ಆ ಫೈಬರ್ ಹಪ್ಪಳವಾಗುತ್ತಿತ್ತು. ಈಗಿನ ಕಾರುಗಳ ತೂಕದಲ್ಲಿ ಏರ್‌ಬ್ಯಾಗು, ಬಾಗಿಲೊಳಗಿನ ಉಕ್ಕಿನ ಪಟ್ಟಿಗಳೂ ಸೇರಿವೆ.

ಇಂದಿರಾನಗರದಲ್ಲಿ ದುಡ್ಡು ಓಡಾಡತೊಡಗಿದ ಮೇಲೂ ಪ್ರಶ್ನೆ ಹಾಗೇ ಉಳಿಯಿತು. 2000ದ ಸುಮಾರಿಗೆ ಬಂದ ಹೋಂಡಾ ಸಿಟಿ 1.5 ವಿಟೆಕ್ಕಿಗೆ ನೂರಕ್ಕೂ ಹೆಚ್ಚು ಅಶ್ವಶಕ್ತಿ; 100 ಅಡಿ ರಸ್ತೆಯಲ್ಲಿ ಆಗಿನ ರಾತ್ರಿಗಳಿಗೆ ಅದೇ ರಾಜ. 2003ರ ಕೊನೆಗೆ ಹೊಸ ಸಿಟಿ ತಂದಾಗ ಹೋಂಡಾದವರು ಕೊಟ್ಟಿದ್ದು 77. ಗಾಡಿಪ್ರಿಯರು ಗೊಣಗಿದರು, ಮಿಕ್ಕವರು ಸಾಲುಗಟ್ಟಿ ಕೊಂಡರು, ಮೈಲೇಜ್ ಇತ್ತಲ್ಲ. ಆಮೇಲೆ ಟರ್ಬೊ ಬಂದು ಲೆಕ್ಕ ಬದಲಾಯಿತು. 2013ರ ಪೋಲೊ ಜಿಟಿ ಟಿಎಸ್‌ಐಗೆ ಬರೀ 1.2 ಲೀಟರ್ ಎಂಜಿನ್, 105 ಅಶ್ವಶಕ್ತಿ, ಕಾಗದದ ಮೇಲೆ ಲೀಟರಿಗೆ 17.2. ಸುಮ್ಮನೆ ಹೋಗುವಾಗ ಸಣ್ಣ ಎಂಜಿನ್, ಕಾಲು ಒತ್ತಿದಾಗ ದೊಡ್ಡದು. ಒತ್ತುತ್ತಲೇ ಇದ್ದರೆ ಅದು ಕುಡಿಯುವುದೂ ದೊಡ್ಡದರಷ್ಟೇ, ಆ ವಿಷಯ ಕಾಗದದ ಮೇಲೆ ಇರುವುದಿಲ್ಲ. ಈಗ ಬಿಡದಿಯಲ್ಲಿ ಜೋಡಿಸುವ ಟೊಯೋಟಾ ಕ್ಯಾಮ್ರಿ ಹೈಬ್ರಿಡ್ಡಿಗೆ 230 ಅಶ್ವಶಕ್ತಿ, ಕಂಪನಿ ಹೇಳುವ ಮೈಲೇಜ್ 25.49. ಭಾಯ್ ಬದುಕಿದ್ದು ಇದನ್ನು ಕೇಳಿದ್ದರೆ ಪ್ಲಗ್ ಬಿಚ್ಚಿ ತೋರಿಸು ಅನ್ನುತ್ತಿದ್ದರು.

ಹಾಗಾದರೆ ಎರಡೂ ಸಿಕ್ಕಿತೇ? ಯಂತ್ರಕ್ಕೆ ಸಿಕ್ಕಿತು. ಆದರೆ ಸಂಜೆ ಆರೂವರೆಗೆ ಟ್ರಿನಿಟಿ ಸರ್ಕಲ್ಲಿನಿಂದ ಹಲಸೂರು, ಹಳೆ ಮದ್ರಾಸ್ ರಸ್ತೆ, ಟಿನ್ ಫ್ಯಾಕ್ಟರಿ ಜಂಕ್ಷನ್ ದಾಟಿ ಕೆ.ಆರ್. ಪುರದ ತೂಗುಸೇತುವೆ ಹತ್ತಿ ನೋಡಿ. 2003ರಲ್ಲಿ ಆ ಸೇತುವೆ ತೆರೆದಾಗ ಇನ್ನು ಜಾಮ್ ಇರಲ್ಲ ಅಂದುಕೊಂಡೆವು. ನಿಂತಲ್ಲೇ ಉರಿಯುವ ಎಂಜಿನ್ನಿಗೆ ಗಂಟೆಗೆ ಮುಕ್ಕಾಲು ಲೀಟರು, ಎಸಿ ಹಾಕಿದರೆ ಇನ್ನೂ ಮೇಲೆ. ಆ ಹೊತ್ತಿನಲ್ಲಿ ಮೈಲೇಜ್ ಸೊನ್ನೆ, ವೇಗವೂ ಸೊನ್ನೆ. ಹಿಂದೆ ರಸ್ತೆ ಖಾಲಿ ಇತ್ತು, ಗಾಡಿಗೆ ಬಾಯಾರಿಕೆ ಜಾಸ್ತಿ, ಜೇಬು ಸಣ್ಣದು. ಈಗ ಗಾಡಿ ಜಾಣ, ಜೇಬೂ ಪರವಾಗಿಲ್ಲ, ರಸ್ತೆಯೇ ಇಲ್ಲ. ಹೈಬ್ರಿಡ್ ಅಂಥ ಕಡೆಯೇ ಗೆಲ್ಲುತ್ತದೆ, ನಿಂತಾಗ ಎಂಜಿನ್ ಆರಿಸಿ, ಬ್ರೇಕ್ ಒತ್ತಿದಾಗ ಬ್ಯಾಟರಿ ತುಂಬಿಕೊಂಡು. ಶೋಕಿ ಗಾಡಿಯನ್ನು ಜಾಮ್‌ಗೆ ಚೆನ್ನಾಗಿರುತ್ತದೆ ಎಂದು ಕೊಳ್ಳುವ ಕಾಲ ಬಂತು.

2018ರಲ್ಲಿ ಬೆಂಗಳೂರಿನ ಏಥರ್ ವಿದ್ಯುತ್ ಸ್ಕೂಟರ್ ಬಂದ ಮೇಲೆ ಪೆಟ್ರೋಲೇ ಬೇಡವಾಯಿತು, ಆದರೂ ಪ್ರಶ್ನೆ ಬಿಡಲಿಲ್ಲ. 450ಎಕ್ಸ್‌ನಲ್ಲಿ ಇಕೊ, ರೈಡ್, ಸ್ಪೋರ್ಟ್, ವಾರ್ಪ್ ಅಂತ ಮೋಡ್‌ಗಳಿವೆ. ವಾರ್ಪ್‌ನಲ್ಲಿ 3.3 ಸೆಕೆಂಡಿಗೆ ನಲವತ್ತು ಮುಟ್ಟುತ್ತದೆ, ಇಕೊದಲ್ಲಿ ಹೆಚ್ಚು ದೂರ ಹೋಗುತ್ತದೆ. ಎಚ್‌ಟಿ, ಎಲ್‌ಟಿ ಒಂದೇ ಗಾಡಿಯಲ್ಲಿ, ಗುಂಡಿ ಒತ್ತಿದರೆ ಸಾಕು. ಗ್ಯಾರೇಜಿಗೆ ಹೋಗಬೇಕಿಲ್ಲ.

ಅಕ್ಕನ ಮಗ ಕೆ.ಆರ್. ಪುರದಲ್ಲಿದ್ದಾನೆ, ಕೆಲಸ ಎಂ.ಜಿ. ರೋಡಿನಲ್ಲಿ. ಟರ್ಬೊ ಕಾರು ನೋಡುತ್ತಿದ್ದಾನೆ. “ಮಾವ, ಟೆಸ್ಟ್ ಡ್ರೈವ್‌ಗೆ ಭಾನುವಾರ ಬೆಳಗ್ಗೆ ಬರ್ತೀರಾ? ಹೊಸಕೋಟೆ ಕಡೆ ಎಕ್ಸ್‌ಪ್ರೆಸ್‌ವೇನಲ್ಲಿ ನೋಡೋಣ” ಅಂದ. ಅಲ್ಲಿ ಮಿತಿಯೇ 120. ಅಷ್ಟರಲ್ಲಿ ಸಮನಾಗಿ ಓಡಲು ಸಾಧಾರಣ ಕಾರಿಗೆ ಮೂವತ್ತು ಅಶ್ವಶಕ್ತಿ ಸಾಕು, ಉಳಿದದ್ದು ಓವರ್‌ಟೇಕಿಗೆ, ಜಂಬಕ್ಕೆ. ಮಂಗಳವಾರ ಸಂಜೆ ಟಿನ್ ಫ್ಯಾಕ್ಟರಿ ಹತ್ತಿರ ಟೆಸ್ಟ್ ಡ್ರೈವ್ ಕೇಳು, ಶೋರೂಮಿನವರು ಒಪ್ಪಿದರೆ ನಾನೂ ಬರುತ್ತೇನೆ ಅಂದೆ. ಅವರು ಇನ್ನೂ ಒಪ್ಪಿಲ್ಲ. ಅವನು ಸದ್ಯಕ್ಕೆ ಮೆಟ್ರೊದಲ್ಲಿ ಓಡಾಡುತ್ತಿದ್ದಾನೆ.